ಮುದ್ರೆಯೊತ್ತಿದ ಕೊಡ: ಹೊರೇಸನ ಮಧುಗೀತಗಳಲ್ಲಿ ಸ್ನೇಹ ಮತ್ತು ಸ್ಮರಣೆ

೧

ಮದ್ಯವನ್ನು ಕುರಿತ ಕವಿತೆ ಎಂದೊಡನೆ ನಮ್ಮ ಓದುಗರ ಮನಸ್ಸು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ಇದು ಭೋಗದ ಕಾವ್ಯ, ನಾಳೆಯ ಚಿಂತೆಯನ್ನು ಬಿಟ್ಟು ಇಂದಿನ ಸುಖವನ್ನು ಸೂರೆಗೊಳ್ಳೆಂದು ಬೋಧಿಸುವ ಕಾವ್ಯ ಎಂದು ದೂರವಿಡುವುದು ಒಂದು ದಾರಿ. ಅಲ್ಲಿನ ಮದ್ಯವು ನಿಜವಾದ ಮದ್ಯವೇ ಅಲ್ಲ, ಅದು ಭಕ್ತಿಗೋ ಜ್ಞಾನಕ್ಕೋ ಇಟ್ಟ ಸಂಕೇತ ಎಂದು ಅರ್ಥವನ್ನು ಹಿಗ್ಗಿಸಿ ಕವಿಯನ್ನು ಪಾರುಮಾಡುವುದು ಇನ್ನೊಂದು ದಾರಿ. ಡಿ. ವಿ. ಗುಂಡಪ್ಪನವರ ‘ಉಮರನ ಒಸಗೆ’ಯ ಮೂಲಕ ಪಾರಸಿಕ ಕವಿಯ ಮಧುಪಾತ್ರೆಯನ್ನು ಕಂಡಿರುವ ಕನ್ನಡಿಗರಿಗೆ ಈ ಎರಡು ವಾದಗಳೂ ಹೊಸವಲ್ಲ. ಎರಡರಲ್ಲಿಯೂ ಒಂದು ಸಮಾನವಾದ ಅನಾದರವಿದೆ. ಮೊದಲನೆಯದು ಮದ್ಯವನ್ನು ಕಂಡು ಕವಿತೆಯನ್ನು ಮರೆಯುತ್ತದೆ. ಎರಡನೆಯದು ಕವಿತೆಯನ್ನು ಉಳಿಸಿಕೊಳ್ಳುವ ಆತುರದಲ್ಲಿ ಪಾತ್ರೆಯನ್ನು ಬರಿದುಮಾಡುತ್ತದೆ.

ಮೂರನೆಯದೊಂದು ದಾರಿಯೂ ಉಂಟು. ಮದ್ಯವು ಮದ್ಯವಾಗಿಯೇ ಉಳಿದು, ಕಳೆದ ಕಾಲವನ್ನೂ ಅಗಲಿದ ಗೆಳೆಯರನ್ನೂ ತನ್ನೊಳಗೆ ಕಾಪಿಟ್ಟುಕೊಂಡ ನಿಕ್ಷೇಪವಾಗಿ ಕಾಣಿಸಿಕೊಳ್ಳುವ ದಾರಿ ಅದು. ರೋಮಿನ ಕವಿ ಹೊರೇಸನು ಈ ದಾರಿಯನ್ನು ತುಳಿದವರಲ್ಲಿ ಅಗ್ರಗಣ್ಯನು. ಆತನ ಕೆಲವು ಗೀತಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮದ್ಯದ ಒಂದು ಗುಟುಕು ಹಳೆಯ ಗೆಳೆತನವನ್ನು ಹೇಗೆ ಎಚ್ಚರಿಸುತ್ತದೆ? ಹಾಗೆ ಎಚ್ಚರಿಸುವುದು ನಾಲಗೆಯ ರುಚಿಯೋ ಅಥವಾ ಮತ್ತಾವುದೋ? ಈ ಅನುಭವಕ್ಕೆ ನಮ್ಮ ರಸಶಾಸ್ತ್ರದಲ್ಲಿ ಎಡೆಯಿದೆಯೆ? ಇವು ಇಲ್ಲಿ ಎತ್ತಿಕೊಂಡ ಪ್ರಶ್ನೆಗಳು.

೨

ಮೊದಲು ನಮ್ಮ ಕಾವ್ಯಪರಂಪರೆಯಲ್ಲಿ ಮಧುಪಾನಕ್ಕೆ ಇರುವ ಸ್ಥಾನವನ್ನು ನೆನೆಯುವುದು ಯುಕ್ತ. ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ಮಹಾಕಾವ್ಯದ ಲಕ್ಷಣವನ್ನು ಹೇಳುವಾಗ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನಕ್ರೀಡೆ, ಜಲಕ್ರೀಡೆಗಳ ಸಾಲಿನಲ್ಲಿ ಮಧುಪಾನವನ್ನೂ ಎಣಿಸಿದ್ದಾನೆ. ಭಾರವಿಯ ‘ಕಿರಾತಾರ್ಜುನೀಯ’ದ ಒಂಬತ್ತನೆಯ ಸರ್ಗದಲ್ಲಿಯೂ ಮಾಘನ ‘ಶಿಶುಪಾಲವಧೆ’ಯ ಹತ್ತನೆಯ ಸರ್ಗದಲ್ಲಿಯೂ ಇದರ ವಿಸ್ತಾರವಾದ ವರ್ಣನೆಯಿದೆ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬರುವ ಪಾನಗೋಷ್ಠಿಯ ಚಿತ್ರವು ಕನ್ನಡ ಓದುಗರಿಗೆ ಸುಪರಿಚಿತ. ಇವುಗಳಲ್ಲೆಲ್ಲ ಮಧುವಿನ ಕೆಲಸ ಒಂದೇ. ಮಾತು ತೊದಲುತ್ತದೆ, ಕಣ್ಣು ಕೆಂಪೇರುತ್ತದೆ, ಲಜ್ಜೆ ಜಾರುತ್ತದೆ, ಪ್ರಣಯಕೋಪ ಕರಗುತ್ತದೆ. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಅದು ಶೃಂಗಾರಕ್ಕೆ ಉದ್ದೀಪನ ವಿಭಾವ.

ಇಲ್ಲಿ ಎರಡು ಸಂಗತಿಗಳನ್ನು ಲಕ್ಷಿಸಬೇಕು. ನಮ್ಮ ಕವಿಗಳ ಮಧುವಿಗೆ ಬಣ್ಣವಿದೆ, ಕಂಪಿದೆ, ಅದರಲ್ಲಿ ಚಂದ್ರನ ಪ್ರತಿಬಿಂಬವಿದೆ. ಆದರೆ ಅದಕ್ಕೆ ವಯಸ್ಸಿಲ್ಲ. ಯಾವ ವರುಷ ತುಂಬಿದ್ದು, ಯಾರು ತುಂಬಿಟ್ಟದ್ದು, ಯಾರಿಗಾಗಿ ಕಾದಿರಿಸಿದ್ದು ಎಂಬ ಪ್ರಶ್ನೆಗಳು ಅಲ್ಲಿ ಹುಟ್ಟುವುದೇ ಇಲ್ಲ. ಎರಡನೆಯದಾಗಿ, ಆ ಪಾನವು ಮುಂದೆ ಬರಲಿರುವ ಕ್ಷಣದತ್ತ ಮುಖಮಾಡಿದೆ. ಹಿಂದೆ ಸರಿದುಹೋದ ಕಾಲದತ್ತ ಅದು ತಿರುಗಿ ನೋಡುವುದಿಲ್ಲ. ಗೆಳೆಯನು ಗೆಳೆಯನೊಡನೆ ಕುಳಿತು ಕುಡಿದು ಹಳೆಯದನ್ನು ನೆನೆಯುವ ಸನ್ನಿವೇಶ ಈ ವರ್ಣನೆಗಳ ಹೊರಗೇ ಉಳಿದಿದೆ. ಹೊರೇಸನಲ್ಲಿ ಇದು ತದ್ವಿರುದ್ಧ. ಆತನ ಕೊಡಗಳಿಗೆ ಜನ್ಮಸಂವತ್ಸರವಿದೆ; ಆತನ ಪಾನಗೋಷ್ಠಿಗೆ ಕರೆ ಹೋಗುವುದು ಬಹುಮಟ್ಟಿಗೆ ಸ್ನೇಹಿತರಿಗೆ.

೩

ಈ ಭೇದಕ್ಕೆ ಕವಿಯ ಪ್ರತಿಭೆಯಷ್ಟೇ ರೋಮಿನ ಲೋಕವ್ಯವಹಾರವೂ ಕಾರಣ. ಅಲ್ಲಿ ದ್ರಾಕ್ಷಾಮದ್ಯವನ್ನು ಎರಡು ಹಿಡಿಗಳುಳ್ಳ ಎತ್ತರವಾದ ಮಣ್ಣಿನ ಕೊಡದಲ್ಲಿ ತುಂಬುತ್ತಿದ್ದರು. ಆಂಫೋರ ಎಂದು ಅದರ ಹೆಸರು. ಅಳತೆಯ ಮಾನವಾಗಿ ಅದು ಸುಮಾರು ೨೬ ಲೀಟರು. ಒಳಮೈಗೆ ರಾಳವನ್ನು ಬಳಿದು, ಬಾಯಿಗೆ ಬೆಂಡಿನ ಬಿರಡೆಯನ್ನಿಟ್ಟು, ಅದರ ಮೇಲೆ ರಾಳವನ್ನೋ ಗಾರೆಯನ್ನೋ ಮೆತ್ತಿ ಮುದ್ರಿಸುತ್ತಿದ್ದರು. ಮನೆಯ ಮೇಲಂತಸ್ತಿನಲ್ಲಿ, ಒಲೆಯ ಹೊಗೆ ತಾಗುವಂತೆ ಇಟ್ಟರೆ ಮದ್ಯ ಬೇಗ ಹದಗೊಳ್ಳುವುದೆಂಬ ನಂಬಿಕೆಯಿತ್ತು. ಕೊಡದ ಮೇಲೆ ಬಣ್ಣದಲ್ಲಿ ಬರೆದೋ ಚೀಟಿಯನ್ನು ಕಟ್ಟಿಯೋ ಅದು ತುಂಬಿದ ವರುಷವನ್ನು ಗುರುತಿಸುತ್ತಿದ್ದರು. ರೋಮನರು ನಿತ್ಯವ್ಯವಹಾರದಲ್ಲಿ ವರುಷಗಳನ್ನು ಸಂಖ್ಯೆಯಿಂದ ಎಣಿಸದೆ, ಆ ವರುಷ ಅಧಿಕಾರದಲ್ಲಿದ್ದ ಇಬ್ಬರು ಕಾನ್ಸಲರ ಹೆಸರಿನಿಂದ ಕರೆಯುತ್ತಿದ್ದರು. ಆದ್ದರಿಂದ ಕೊಡದ ಚೀಟಿಯಲ್ಲಿ ಇರುತ್ತಿದ್ದುದು ಮನುಷ್ಯರ ಹೆಸರು. ಓಪಿಮಿಯಸನು ಕಾನ್ಸಲನಾಗಿದ್ದ ಕ್ರಿ.ಪೂ. ೧೨೧ರ ಮದ್ಯವು ಅತ್ಯಂತ ಪ್ರಸಿದ್ಧವಾಗಿತ್ತು. ಸುಮಾರು ೨೦೦ ವರುಷಗಳ ತರುವಾಯವೂ ಅದು ಉಳಿದಿತ್ತೆಂದೂ, ಗಟ್ಟಿಯಾಗಿ ಕಹಿಯಾದ ಜೇನಿನಂತೆ ಆಗಿತ್ತೆಂದೂ ಹಿರಿಯ ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯ ಹದಿನಾಲ್ಕನೆಯ ಸಂಪುಟದಲ್ಲಿ ಬರೆದಿದ್ದಾನೆ.

ಹೀಗೆ ಕಾಲವನ್ನು ಮಣ್ಣಿನ ಪಾತ್ರೆಯಲ್ಲಿ ಮುಚ್ಚಿಡುವ ಪದ್ಧತಿಯಿದ್ದ ಸಮಾಜದಲ್ಲಿ ಹೊರೇಸನು ಕ್ರಿ.ಪೂ. ೬೫ರಲ್ಲಿ, ದಕ್ಷಿಣ ಇಟಲಿಯ ವೆನೂಸಿಯಾದಲ್ಲಿ ಹುಟ್ಟಿದನು. ದಾಸ್ಯದಿಂದ ಬಿಡುಗಡೆ ಹೊಂದಿದವನೊಬ್ಬನ ಮಗ. ರೋಮಿನಲ್ಲಿಯೂ ಆಥೆನ್ಸಿನಲ್ಲಿಯೂ ಓದಿದನು. ಬ್ರೂಟಸನ ಪಕ್ಷವನ್ನು ಸೇರಿ, ಕ್ರಿ.ಪೂ. ೪೨ರಲ್ಲಿ ಫಿಲಿಪ್ಪಿಯ ರಣದಲ್ಲಿ ಸೋತು, ತಂದೆಯ ಜಮೀನನ್ನು ಕಳೆದುಕೊಂಡು, ರೋಮಿಗೆ ಮರಳಿ ಬೊಕ್ಕಸದ ಕಚೇರಿಯಲ್ಲಿ ಗುಮಾಸ್ತೆಯಾದನು. ವರ್ಜಿಲನೂ ವೇರಿಯಸನೂ ಆತನನ್ನು ಮೈಕೇನಾಸನಿಗೆ ಪರಿಚಯಿಸಿದರು. ಅಗಸ್ಟಸನ ಆಪ್ತನಾದ ಮೈಕೇನಾಸನು ಕವಿಗೆ ಸ್ಯಾಬೈನ್ ಬೆಟ್ಟಗಳಲ್ಲಿ ಒಂದು ಜಮೀನನ್ನು ಕೊಟ್ಟನು. ಗೀತಗಳ ಮೊದಲ ಮೂರು ಸಂಪುಟಗಳು, ಒಟ್ಟು ೮೮ ಗೀತಗಳು, ಕ್ರಿ.ಪೂ. ೨೩ರಲ್ಲಿ ಹೊರಬಂದವು, ೧೫ ಗೀತಗಳ ನಾಲ್ಕನೆಯ ಸಂಪುಟವು ಸುಮಾರು ಹತ್ತು ವರುಷಗಳ ಅನಂತರ ಬಂದಿತು. ಸೋತ ಪಕ್ಷದ ಸೈನಿಕನಾಗಿದ್ದು ಗೆದ್ದ ಪಕ್ಷದ ಆಶ್ರಯದಲ್ಲಿ ಬಾಳಿದವನಿಗೆ ನೆನಪು ಸುಲಭವಾದ ವಸ್ತುವಲ್ಲವೆಂಬುದನ್ನು ಗಮನದಲ್ಲಿರಿಸಿಕೊಂಡು ಈ ಗೀತಗಳನ್ನು ಓದಬೇಕು.

೪

ಮೊದಲ ಸಂಪುಟದ ಇಪ್ಪತ್ತನೆಯ ಗೀತವು ಮೈಕೇನಾಸನಿಗೆ ಕಳುಹಿಸಿದ ಕರೆಯೋಲೆ. ಹನ್ನೆರಡೇ ಪಂಕ್ತಿಗಳ ಕಿರುಗವಿತೆ. ನನ್ನ ಮನೆಯಲ್ಲಿ ನಿನಗೆ ಸಿಗುವುದು ಅಗ್ಗದ ಸ್ಯಾಬೈನ್ ಮದ್ಯ, ಅದೂ ಸಾಧಾರಣವಾದ ಬಟ್ಟಲುಗಳಲ್ಲಿ, ಎಂದು ಕವಿ ಮೊದಲೇ ಹೇಳಿಬಿಡುತ್ತಾನೆ. ಆದರೆ ಅದನ್ನು ಗ್ರೀಕ್ ಕೊಡವೊಂದರಲ್ಲಿ ತುಂಬಿ ತಾನೇ ಕೈಯಾರ ಮುದ್ರಿಸಿದ್ದಾನೆ. ಮುದ್ರಿಸಿದ್ದು ಮೈಕೇನಾಸನಿಗೆ ರಂಗಮಂದಿರದಲ್ಲಿ ಜನರು ಕರತಾಡನ ಮಾಡಿದ ಹೊತ್ತಿನಲ್ಲಿ. ಆ ಸದ್ದಿಗೆ ಟೈಬರ್ ನದಿಯ ದಡಗಳೂ ವ್ಯಾಟಿಕನ್ ಗುಡ್ಡವೂ ಮಾರ್ದನಿಗೊಟ್ಟವಂತೆ. ರೋಗದಿಂದ ಚೇತರಿಸಿಕೊಂಡು ಬಂದವನಿಗೆ ಸಂದ ಸ್ವಾಗತ ಅದೆಂಬುದು ಎರಡನೆಯ ಸಂಪುಟದ ಹದಿನೇಳನೆಯ ಗೀತದಿಂದ ತಿಳಿಯುತ್ತದೆ. ಕೊನೆಯಲ್ಲಿ ಕವಿಯು ಕೈಕುಬನ್, ಫಲೆರ್ನಿಯನ್ ಮೊದಲಾದ ಉತ್ತಮ ಮದ್ಯಗಳ ಹೆಸರನ್ನು ಹೇಳಿ, ಅವೆಲ್ಲ ನಿನ್ನ ಮನೆಯಲ್ಲಿವೆ, ನನ್ನಲ್ಲಿ ಇಲ್ಲ ಎಂದು ಮುಗಿಸುತ್ತಾನೆ.

ಬಡವನ ವಿನಯವೆಂದು ಇದನ್ನು ಓದಿ ಸುಮ್ಮನಾಗುವುದು ಸುಲಭ. ಆದರೆ ಕವಿತೆಯ ಕೀಲು ‘ನಾನೇ ಮುದ್ರಿಸಿದೆ’ ಎಂಬ ಭಾವದಲ್ಲಿದೆ. ಇಡೀ ರೋಮು ಚಪ್ಪಾಳೆ ತಟ್ಟುತ್ತಿದ್ದಾಗ ಈ ಗೆಳೆಯನು ಒಂದು ಕೊಡವನ್ನು ತುಂಬಿ ಬಾಯಿಕಟ್ಟಿದನು. ಜನರ ಚಪ್ಪಾಳೆ ಆ ದಿನವೇ ಅಡಗಿತು, ಕೊಡ ಉಳಿಯಿತು. ಧನಿಕನಾದ ಮೈಕೇನಾಸನು ಬೇಕೆಂದ ಮದ್ಯವನ್ನು ಕೊಳ್ಳಬಲ್ಲನು. ತನ್ನ ಬಾಳಿನ ಆ ಒಂದು ದಿನವನ್ನು ತುಂಬಿಟ್ಟ ಕೊಡವನ್ನು ಎಲ್ಲಿಯೂ ಕೊಳ್ಳಲಾರನು. ಅಗ್ಗದ ಮದ್ಯ ಅನರ್ಘ್ಯವಾಗುವ ಬಗೆ ಇದು.

ಮೂರನೆಯ ಸಂಪುಟದ ಇಪ್ಪತ್ತೊಂದನೆಯ ಗೀತದಲ್ಲಿ ಕೊಡವೇ ಸಂಬೋಧನೆಗೆ ಪಾತ್ರವಾಗಿದೆ. ಕವಿಯು ಹುಟ್ಟಿದ, ಮಾನ್ಲಿಯಸನು ಕಾನ್ಸಲನಾಗಿದ್ದ ವರುಷವೇ ಅದೂ ಹುಟ್ಟಿದ್ದು. ದೇವತೆಯನ್ನು ಸ್ತುತಿಸುವ ಸ್ತೋತ್ರದ ಧಾಟಿಯಲ್ಲಿ, ನಗೆಯೂ ಗೌರವವೂ ಬೆರೆತ ದನಿಯಲ್ಲಿ, ಆ ತನ್ನ ಸಮವಯಸ್ಕನನ್ನು ಕೆಳಗಿಳಿದು ಬರುವಂತೆ ಕವಿ ಕೋರುತ್ತಾನೆ. ಬಂದಿರುವ ಅತಿಥಿ ಮೆಸಾಲ ಕೊರ್ವಿನಸ್. ಈತನೂ ಹೊರೇಸನಂತೆಯೇ ಆಥೆನ್ಸಿನಲ್ಲಿ ಓದಿದವನು, ಫಿಲಿಪ್ಪಿಯಲ್ಲಿ ಸೋತ ಪಕ್ಷದಲ್ಲಿ ಕಾದಿದವನು, ಅನಂತರ ಹೊಸ ವ್ಯವಸ್ಥೆಯಲ್ಲಿ ಉನ್ನತ ಪದವಿಗೆ ಏರಿದವನು. ಗೀತದಲ್ಲಿ ಇದರ ಮಾತೇ ಇಲ್ಲ. ಇಬ್ಬರೂ ಬಾಯಿಬಿಟ್ಟು ಹೇಳಲಾಗದ ಗತಕಾಲವನ್ನು ಕೊಡದ ವಯಸ್ಸು ಹೇಳುತ್ತದೆ. ಆ ಕೊಡವು ಹುಟ್ಟಿದಾಗ ಗಣರಾಜ್ಯವಿನ್ನೂ ಬದುಕಿತ್ತು.

ನಾಲ್ಕನೆಯ ಸಂಪುಟದ ಹನ್ನೊಂದನೆಯ ಗೀತದಲ್ಲಿ ಒಂಬತ್ತು ವರುಷಗಳನ್ನು ದಾಟಿದ ಆಲ್ಬನ್ ಮದ್ಯದ ಕೊಡವೊಂದು ಸಿದ್ಧವಾಗಿದೆ. ಫಿಲಿಸ್ ಎಂಬವಳನ್ನು ಕರೆದು, ಇಂದು ಏಪ್ರಿಲ್ ತಿಂಗಳ ನಡುದಿನ, ಮೈಕೇನಾಸನ ಜನ್ಮದಿನ, ನನಗಿದು ನನ್ನ ಹುಟ್ಟುಹಬ್ಬಕ್ಕಿಂತಲೂ ಹೆಚ್ಚಿನದು ಎಂಬ ಭಾವವನ್ನು ಕವಿ ಹೇಳುತ್ತಾನೆ. ಆ ಸಂಪುಟದಲ್ಲಿ ಮೈಕೇನಾಸನ ಹೆಸರು ಬರುವುದು ಇದೊಂದೇ ಕಡೆ. ಗೆಳೆಯನು ಕೋಣೆಯಲ್ಲಿ ಇದ್ದಾನೆಂದು ಗೀತವು ಎಲ್ಲಿಯೂ ಹೇಳುವುದಿಲ್ಲ. ಆತನ ದಿನವಿದೆ, ಆತನಿಗಾಗಿ ತೆರೆಯುವ ಕೊಡವಿದೆ. ಕ್ರಿ.ಪೂ. ೮ರಲ್ಲಿ ಮೈಕೇನಾಸನು ತೀರಿಕೊಂಡನು. ಅದೇ ವರುಷದ ನವೆಂಬರಿನಲ್ಲಿ ಹೊರೇಸನೂ ತೀರಿಕೊಂಡನು. ಇಬ್ಬರ ಸಮಾಧಿಗಳೂ ಎಸ್ಕ್ವಿಲೈನ್ ಗುಡ್ಡದಲ್ಲಿ ಹತ್ತಿರ ಹತ್ತಿರ ಇದ್ದವು.

೫

ಮದ್ಯವು ನೆನಪನ್ನು ತರುತ್ತದೆ ಎಂಬ ಮಾತಿಗೆ ಒಂದು ಬಲವಾದ ಆಕ್ಷೇಪವುಂಟು. ಲೋಕದಲ್ಲಿ ಜನರು ಕುಡಿಯುವುದು ಮರೆಯುವುದಕ್ಕಾಗಿ ಅಲ್ಲವೆ? ಹೊರೇಸನಿಗೆ ಇದು ತಿಳಿಯದ ಸಂಗತಿಯಲ್ಲ. ಎರಡನೆಯ ಸಂಪುಟದ ಏಳನೆಯ ಗೀತವು ಈ ಆಕ್ಷೇಪವನ್ನೇ ವಸ್ತುವಾಗಿ ಮಾಡಿಕೊಂಡಿದೆ. ನನ್ನ ಮಟ್ಟಿಗೆ ಈ ವರ್ಗದ ಗೀತಗಳಲ್ಲೆಲ್ಲ ಇದೇ ಶ್ರೇಷ್ಠವಾದುದು.

ಪೊಂಪೇಯಸ್ ಎಂಬ ಹಳೆಯ ಸಂಗಾತಿ ಬಹುಕಾಲದ ಮೇಲೆ ಊರಿಗೆ ಮರಳಿದ್ದಾನೆ. ಬ್ರೂಟಸನ ದಂಡಿನಲ್ಲಿ ಇಬ್ಬರೂ ಒಟ್ಟಿಗೆ ಸಾವಿನ ಬಾಯನ್ನು ಕಂಡವರು. ತಲೆಗೆ ಮಾಲೆ ಸುತ್ತಿ, ಸುಗಂಧವನ್ನು ಪೂಸಿಕೊಂಡು, ಮದ್ಯದೊಡನೆ ದೀರ್ಘವಾದ ಹಗಲುಗಳನ್ನು ಕಳೆದವರು. ಫಿಲಿಪ್ಪಿಯಲ್ಲಿ ಸೇನೆ ಮುರಿಯಿತು. ಗುರಾಣಿಯನ್ನು ಅಲ್ಲಿಯೇ ಬಿಟ್ಟು ಓಡಿದೆನೆಂದು ಕವಿ ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾನೆ. ತನ್ನನ್ನು ಮರ್ಕ್ಯುರಿ ದೇವನು ಮಂಜಿನಲ್ಲಿ ಮರೆಸಿ ಒಯ್ದನು. ಗೆಳೆಯನನ್ನು ಮಾತ್ರ ಯುದ್ಧದ ಅಲೆ ಮತ್ತೆ ಒಳಕ್ಕೆ ಎಳೆದುಕೊಂಡಿತು. ಈಗ ಆತನು ಬಂದಿದ್ದಾನೆ. ಲಾರೆಲ್ ಮರದ ನೆರಳಿನಲ್ಲಿ ಮೈಚಾಚಿ ದಣಿವಾರಿಸಿಕೊಳ್ಳಲಿ, ಬಟ್ಟಲುಗಳು ತುಂಬಲಿ.

ಇಲ್ಲಿ ಕವಿಯು ಮ್ಯಾಸಿಕ್ ಮದ್ಯಕ್ಕೆ ‘ಮರೆವನ್ನೀಯುವ’ ಎಂಬ ಅರ್ಥದ ವಿಶೇಷಣವನ್ನು ಕೊಟ್ಟಿದ್ದಾನೆ. ಆದರೆ ಅದಕ್ಕೆ ಎರಡು ಪಂಕ್ತಿಗಳ ಹಿಂದೆಯೇ, ನಿನಗಾಗಿ ತೆಗೆದಿರಿಸಿದ ಕೊಡಗಳನ್ನು ಉಳಿಸಬೇಡ ಎಂದು ಹೇಳಿದ್ದಾನೆ. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಗೆಳೆಯನು ಬದುಕಿ ಬಂದಾನೋ ಇಲ್ಲವೋ ತಿಳಿಯದಿದ್ದ ಕಾಲದಲ್ಲಿ ಆತನ ಹೆಸರಿನಲ್ಲಿ ಕೊಡಗಳನ್ನು ಕಾದಿರಿಸಿದ್ದುದು ಸ್ಮರಣೆ. ಆ ಕೊಡವನ್ನು ಒಡೆದು ಕುಡಿದಾಗ ಬರುವುದು ವಿಸ್ಮರಣೆ. ಮರೆಯಬೇಕಾದುದು ಸೋಲು, ಅವಮಾನ, ಬಿಟ್ಟುಬಂದ ಗುರಾಣಿ. ಮರೆಯದೆ ಉಳಿದುದು ಸಂಗಾತಿ. ಯಾವುದನ್ನು ನೆನೆಯಬೇಕು, ಯಾವುದನ್ನು ಮರೆಯಬೇಕು ಎಂಬ ವಿವೇಕವನ್ನು ಮದ್ಯ ತಾನಾಗಿ ಕೊಡಲಾರದು. ಅದನ್ನು ಕಾದಿರಿಸಿದವನ ಸ್ನೇಹ ಕೊಡುತ್ತದೆ. ಒಬ್ಬನೇ ಕುಳಿತು ಕುಡಿದವನಿಗೆ ಎಲ್ಲವೂ ಮರೆತೀತು. ಗೆಳೆಯನೊಡನೆ ಕುಡಿದವನಿಗೆ ನೋವು ಮರೆತು ಗೆಳೆತನ ಉಳಿಯುತ್ತದೆ.

೬

ಈಗ ರುಚಿಯ ಪ್ರಶ್ನೆ. ಸೋಜಿಗವೆಂದರೆ ಈ ಗೀತಗಳಲ್ಲಿ ಹೊರೇಸನು ಮದ್ಯದ ರುಚಿಯನ್ನು ವರ್ಣಿಸುವುದು ಅತಿವಿರಳ. ಅಗ್ಗದ್ದು, ಹದವಾದದ್ದು ಎಂಬಂತಹ ಒಂದೊಂದು ವಿಶೇಷಣದಲ್ಲಿ ಅದು ಮುಗಿಯುತ್ತದೆ. ಊರು, ವರುಷ, ತುಂಬಿದ ಕೈ, ತೆರೆಯುವ ಸಂದರ್ಭ ಇವುಗಳ ಮೇಲೆಯೇ ಆತನ ದೃಷ್ಟಿ. ಹಾಗಾದರೆ ನಾಲಗೆಗೆ ಇಲ್ಲಿ ಕೆಲಸವಿಲ್ಲವೆ?

ಇದಕ್ಕೆ ಉತ್ತರವನ್ನು ಕಾಳಿದಾಸನಲ್ಲಿ ಹುಡುಕಬಹುದೆಂದು ನನಗೆ ತೋರುತ್ತದೆ. ‘ಅಭಿಜ್ಞಾನ ಶಾಕುಂತಲ’ದಲ್ಲಿ ಸ್ಮರಣೆಯು ಎರಡು ಬಗೆಯಾಗಿ ಎಚ್ಚರಗೊಳ್ಳುತ್ತದೆ. ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡನ್ನು ಕೇಳಿ ದುಷ್ಯಂತನ ಮನಸ್ಸು ಕಾರಣವಿಲ್ಲದೆ ಕದಡುತ್ತದೆ. ಸುಖಿಯಾದವನು ಕೂಡ ಚೆಲುವನ್ನು ಕಂಡೋ ಇಂಪನ್ನು ಕೇಳಿಯೋ ಕಳವಳಗೊಂಡರೆ, ಅರಿವಿಲ್ಲದೆಯೇ ಜನ್ಮಾಂತರದ ಸೌಹಾರ್ದಗಳನ್ನು ನೆನೆಯುತ್ತಿರಬೇಕೆಂದು ಆತನು ಊಹಿಸುತ್ತಾನೆ. ಇಲ್ಲಿ ನೆನಪಿನ ನೋವಿದೆ, ಆದರೆ ಯಾರ ನೆನಪು ಎಂಬುದಿಲ್ಲ. ಆರನೆಯ ಅಂಕದಲ್ಲಿ ಮೀನಿನ ಹೊಟ್ಟೆಯಿಂದ ಉಂಗುರ ದೊರೆತು ಅರಸನ ಕಣ್ಣಿಗೆ ಬಿದ್ದಾಗ ಹೆಸರು, ಮುಖ, ಆಶ್ರಮ, ಕೊಟ್ಟ ಮಾತು ಎಲ್ಲವೂ ಒಮ್ಮೆಗೇ ಮರಳುತ್ತವೆ. ಹಾಡು ಕದಡಿತು, ಮುದ್ರೆಯುಂಗುರ ಗುರುತು ಹೇಳಿತು.

ಹೊರೇಸನ ಕೊಡದಲ್ಲಿ ಈ ಎರಡೂ ಕೂಡಿವೆ. ಅದರ ಮುದ್ರೆ ಉಂಗುರದ ಕೆಲಸವನ್ನು ಮಾಡುತ್ತದೆ. ಅದರ ರುಚಿ ಹಾಡಿನ ಕೆಲಸವನ್ನು ಮಾಡುತ್ತದೆ. ಸ್ಮೃತಿಯು ಸಂಸ್ಕಾರದಿಂದ ಹುಟ್ಟುವ ಜ್ಞಾನವೆಂದೂ, ಮಲಗಿರುವ ಸಂಸ್ಕಾರವನ್ನು ಎಬ್ಬಿಸುವುದಕ್ಕೆ ಉದ್ಬೋಧಕವೊಂದು ಬೇಕೆಂದೂ ನಮ್ಮ ತಾರ್ಕಿಕರು ಹೇಳುತ್ತಾರೆ. ರುಚಿಯು ಬಲವಾದ ಉದ್ಬೋಧಕ. ಕಣ್ಣು ಕಿವಿಗಳು ದೂರದ ವಸ್ತುವನ್ನು ಗ್ರಹಿಸಿದರೆ, ನಾಲಗೆಯು ವಸ್ತುವನ್ನು ದೇಹದೊಳಕ್ಕೇ ಬರಮಾಡಿಕೊಳ್ಳುತ್ತದೆ. ಆದರೆ ರುಚಿಗೆ ಭಾಷೆ ಕಡಮೆ. ಷಡ್ರಸಗಳ ಹೆಸರನ್ನು ಹೇಳಿದ ಮೇಲೆ ನಮ್ಮ ಶಬ್ದಭಂಡಾರ ಬಹುಮಟ್ಟಿಗೆ ಮುಗಿಯುತ್ತದೆ. ಮುದ್ರೆಯಿಲ್ಲದ ರುಚಿ ಹೆಸರಿಲ್ಲದ ಹಂಬಲವಾಗಿ ಉಳಿಯುತ್ತದೆ. ರುಚಿಯಿಲ್ಲದ ಮುದ್ರೆ ಉಗ್ರಾಣದ ಲೆಕ್ಕದ ಪುಸ್ತಕವಾಗುತ್ತದೆ. ಗೆಳೆಯನ ಕೈಬರಹವನ್ನು ಓದಿ, ಅದೇ ಗಳಿಗೆಯಲ್ಲಿ ಆ ವರುಷದ ಮದ್ಯವನ್ನು ನಾಲಗೆಗೆ ಮುಟ್ಟಿಸಿದವನಿಗೆ ಕಾಲವು ಹೆಸರೂ ಮೈಯೂ ಪಡೆದು ಎದುರು ನಿಲ್ಲುತ್ತದೆ.

ಇನ್ನೊಂದು ಮಾತು. ಹಳೆಯ ಗೆಳೆತನವು ವಯಸ್ಸನ್ನು ತಾಳಿಕೊಳ್ಳಬಲ್ಲ ಮದ್ಯದಂತೆ ಹೆಚ್ಚು ಮಧುರವೆಂದು ಸಿಸಿರೋ ಕ್ರಿ.ಪೂ. ೪೪ರಲ್ಲಿ ಬರೆದ ತನ್ನ ಸ್ನೇಹವಿಚಾರದ ಗ್ರಂಥದಲ್ಲಿ ಹೇಳಿದ್ದಾನೆ. ಅದು ಉಪಮೆ. ಹೊರೇಸನು ಆ ಉಪಮೆಯನ್ನು ಸಂಗತಿಯನ್ನಾಗಿ ಮಾಡಿದನು. ಮದ್ಯವು ಗೆಳೆತನದಂತೆ ಇದೆಯೆಂದು ಆತನು ಹೇಳುವುದಿಲ್ಲ. ಗೆಳೆತನವು ನಡೆದ ವರುಷಗಳಲ್ಲಿಯೇ, ಅದೇ ಸೂರಿನಡಿಯಲ್ಲಿ, ಈ ಮದ್ಯವೂ ಹದಗೊಂಡಿತೆಂದು ತೋರಿಸುತ್ತಾನೆ.

೭

ಮುದ್ರೆಯೊಂದೇ ಸಾಲದೆಂಬುದಕ್ಕೆ ರೋಮಿನ ಸಾಹಿತ್ಯದಲ್ಲಿಯೇ ಪ್ರತ್ಯುದಾಹರಣೆಗಳಿವೆ. ಪೆಟ್ರೋನಿಯಸನ ‘ಸ್ಯಾಟಿರಿಕಾನ್’ ಕಥೆಯಲ್ಲಿ ಟ್ರಿಮಾಲ್ಕಿಯೊ ಎಂಬ ಹೊಸ ಸಿರಿವಂತನು ಔತಣವಿಡುತ್ತಾನೆ. ಗಾರೆಯಿಂದ ಮುದ್ರಿಸಿದ ಗಾಜಿನ ಕೊಡಗಳು ಬರುತ್ತವೆ; ಅವುಗಳ ಕೊರಳಿನಲ್ಲಿ, ಇದು ನೂರು ವರುಷದ ಓಪಿಮಿಯನ್ ಫಲೆರ್ನಿಯನ್ ಎಂಬ ಚೀಟಿಗಳಿವೆ. ಯಜಮಾನನು ಅತಿಥಿಗಳಿಗೆ, ನಿನ್ನೆ ನಿಮಗಿಂತ ದೊಡ್ಡವರು ಬಂದಿದ್ದರು, ಅವರಿಗೆ ನಾನು ಇಷ್ಟು ಒಳ್ಳೆಯದನ್ನು ಕೊಡಲಿಲ್ಲ ಎಂದು ಹೇಳುತ್ತಾನೆ. ಚೀಟಿಯಿದೆ, ವಯಸ್ಸಿದೆ, ಕುಡಿಯುವವರಿದ್ದಾರೆ. ನೆನೆಯುವುದಕ್ಕೆ ಮಾತ್ರ ಏನೂ ಇಲ್ಲ. ಆ ಮದ್ಯವನ್ನು ಯಾರೂ ಯಾರಿಗಾಗಿಯೂ ಕಾದಿರಿಸಿರಲಿಲ್ಲ.

ಹೊರೇಸನೇ ಎರಡನೆಯ ಸಂಪುಟದ ಹದಿನಾಲ್ಕನೆಯ ಗೀತದಲ್ಲಿ ಇನ್ನೊಂದು ವಿಪರ್ಯಾಸವನ್ನು ಚಿತ್ರಿಸಿದ್ದಾನೆ. ಪೋಸ್ತುಮಸನು ನೂರು ಬೀಗಗಳ ಹಿಂದೆ ಕಾದಿಟ್ಟ ಕೈಕುಬನ್ ಮದ್ಯವನ್ನು ಆತನು ಸತ್ತ ಮೇಲೆ ವಾರಸುದಾರನು ಕುಡಿದು ನೆಲಕ್ಕೆಲ್ಲ ಚೆಲ್ಲುತ್ತಾನೆ. ಕಾದಿರಿಸುವುದಕ್ಕೂ ಕೂಡಿಡುವುದಕ್ಕೂ ಇರುವ ಅಂತರ ಇದು. ಕಾದಿರಿಸಿದ್ದಕ್ಕೆ ಒಬ್ಬ ಒಡೆಯನೂ ಒಬ್ಬ ಅತಿಥಿಯೂ ಬೇಕು. ಕೂಡಿಟ್ಟದ್ದಕ್ಕೆ ಬೀಗವೊಂದಿದ್ದರೆ ಸಾಕು.

ಮೂರನೆಯ ಸಂಪುಟದ ಹದಿನಾಲ್ಕನೆಯ ಗೀತದ ಸಂದರ್ಭ ಬೇರೆ. ಕ್ರಿ.ಪೂ. ೨೪ರಲ್ಲಿ ಅಗಸ್ಟಸನು ಸ್ಪೇನಿನಿಂದ ಮರಳಿದಾಗ ರಚಿತವಾದುದು ಅದು. ಮಾರ್ಸಿಯನರ ಯುದ್ಧವನ್ನು ನೆನಪಿಟ್ಟಿರುವ ಕೊಡವೊಂದನ್ನು ತಾ, ಸ್ಪಾರ್ಟಕಸನ ದಂಡಿನ ಕಣ್ಣಿಗೆ ಬೀಳದೆ ಒಂದಾದರೂ ಉಳಿದಿದ್ದರೆ, ಎಂದು ಕವಿ ಹುಡುಗನಿಗೆ ಹೇಳುತ್ತಾನೆ. ಆ ಯುದ್ಧ ನಡೆದದ್ದು ಕ್ರಿ.ಪೂ. ೯೧ರಿಂದ ೮೮ರ ವರೆಗೆ. ಸ್ಪಾರ್ಟಕಸನ ದಂಗೆ ೭೩ರಿಂದ ೭೧ರ ವರೆಗೆ. ನಾಡೆಲ್ಲ ಉತ್ಸವದಲ್ಲಿರುವಾಗ, ನಾಡು ಒಡೆದು ಕಾದಾಡಿದ ದಿನಗಳನ್ನು ಕೊಡವೊಂದು ಮರೆತಿಲ್ಲವೆಂದು ಸೂಚಿಸುವುದರಲ್ಲಿ ಹೊರೇಸನ ಎಚ್ಚರ ಕಾಣುತ್ತದೆ. ಮುಖ್ಯವಾಗಿ, ಇಲ್ಲಿ ನೆನೆಯುವ ಕ್ರಿಯೆಗೆ ಕರ್ತೃವು ಮನುಷ್ಯನಲ್ಲ, ಕೊಡ.

೮

ಈ ಅನುಭವವನ್ನು ನಮ್ಮ ಆಲಂಕಾರಿಕರು ಯಾವ ರಸದಲ್ಲಿ ಸೇರಿಸುತ್ತಿದ್ದರು? ಭರತನು ಸ್ಮೃತಿಯನ್ನು ೩೩ ವ್ಯಭಿಚಾರಿ ಭಾವಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಅದು ತಾನೇ ರಸವಾಗದು, ಸ್ಥಾಯಿಯೊಂದನ್ನು ಆಶ್ರಯಿಸಬೇಕು. ಇಲ್ಲಿನ ಸ್ಥಾಯಿ ಸ್ನೇಹವೇ ಎಂಬುದು ಸ್ಪಷ್ಟ. ರುದ್ರಟನು ತನ್ನ ‘ಕಾವ್ಯಾಲಂಕಾರ’ದಲ್ಲಿ ಸ್ನೇಹವನ್ನು ಸ್ಥಾಯಿಯಾಗಿ ಉಳ್ಳ ‘ಪ್ರೇಯಾನ್’ ಎಂಬ ರಸವನ್ನು ಅಂಗೀಕರಿಸಿದನು. ಅಭಿನವಗುಪ್ತನು ಇದನ್ನು ಒಪ್ಪಲಿಲ್ಲ. ಸ್ನೇಹವು ರತಿ, ಉತ್ಸಾಹ ಮೊದಲಾದವುಗಳಲ್ಲಿಯೇ ಪರ್ಯವಸಾನ ಹೊಂದುವುದೆಂದು ಆತನ ಮತ. ಆ ಮಹಾಮತಿಯ ತೀರ್ಪಿನ ತರುವಾಯ ಪ್ರೇಯೋರಸದ ಚರ್ಚೆ ನಮ್ಮಲ್ಲಿ ಮೂಲೆಗೆ ಸರಿಯಿತು.

ಹೊರೇಸನ ಗೀತಗಳನ್ನು ಮುಂದಿಟ್ಟುಕೊಂಡು ಈ ತೀರ್ಪನ್ನು ಮರುಪರಿಶೀಲಿಸುವುದು ಅನುಚಿತವಾಗಲಾರದು. ಪೊಂಪೇಯಸನಿಗೆ ಕಾದಿರಿಸಿದ ಕೊಡದಲ್ಲಿ ರತಿಯಿಲ್ಲ. ಗುರಾಣಿಯನ್ನು ಬಿಟ್ಟು ಓಡಿದವನಲ್ಲಿ ಉತ್ಸಾಹವನ್ನು ಹುಡುಕುವಂತಿಲ್ಲ. ಆದರೂ ಸಹೃದಯನ ಚಿತ್ತ ಕರಗುತ್ತದೆ. ಕನ್ನಡದಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಪಂಪನ ಕರ್ಣನು ಕೃಷ್ಣನ ಪ್ರಲೋಭನವನ್ನು ನಿರಾಕರಿಸುವಾಗ ನೆನೆಯುವುದು ದುರ್ಯೋಧನನು ಕೊಟ್ಟ ರಾಜ್ಯವನ್ನಲ್ಲ, ಭಾನುಮತಿಯ ನೆತ್ತದಾಟದಲ್ಲಿ ಹರಿದುಹೋದ ಮುತ್ತಿನ ಹಾರವನ್ನು, ಮನಸ್ಸಿನಲ್ಲಿ ಕಲ್ಮಷವಿಲ್ಲದೆ ಅದನ್ನು ಆಯ್ದುಕೊಡಲೆ ಎಂದು ಕೇಳಿದ ಗೆಳೆಯನನ್ನು. ಆ ಪದ್ಯದ ಅನ್ವಯದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ ಅದರ ಹೃದಯವನ್ನು ಕುರಿತು ಸಂಶಯವಿಲ್ಲ. ರೋಮಿನಲ್ಲಿ ಕೊಡದ ಮುದ್ರೆ ಮಾಡಿದ ಕೆಲಸವನ್ನು ಇಲ್ಲಿ ಚೆದುರಿದ ಮುತ್ತುಗಳು ಮಾಡಿವೆ. ಶೃಂಗಾರಕ್ಕೆ ಮಧು ಉದ್ದೀಪನವೆಂದು ಒಪ್ಪಿದ ಶಾಸ್ತ್ರವು ಪ್ರೇಯೋರಸಕ್ಕೂ ಅದನ್ನು ಉದ್ದೀಪನವೆಂದು ಒಪ್ಪಬಹುದು. ಲಕ್ಷಣಕಾರನ ತೀರ್ಪಿಗಿಂತ ಲಕ್ಷ್ಯವು ಹಿರಿದು. ಲಕ್ಷ್ಯವು ಬೇರೊಂದು ದೇಶದಿಂದ ಬಂದಿತೆಂಬ ಮಾತ್ರಕ್ಕೆ ಅದರ ಸಾಕ್ಷ್ಯ ಅಮಾನ್ಯವಾಗದು.

೯

ದ್ರಾಕ್ಷಾಮದ್ಯವನ್ನು ಎಂದೂ ಮುಟ್ಟದ ಓದುಗನಿಗೆ ಈ ಗೀತಗಳು ರುಚಿಸಬಲ್ಲವೆ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮಲ್ಲಿ ಅನೇಕರು ಸಂಸ್ಕಾರದಿಂದಲೋ ಸಂಕಲ್ಪದಿಂದಲೋ ಮದ್ಯದಿಂದ ದೂರವಿರುವವರು. ಆದರೆ ಒಬ್ಬರ ಕೈ ತುಂಬಿಟ್ಟ ಭರಣಿ ಇನ್ನೊಂದು ಊರಿನಲ್ಲಿ, ಇನ್ನೊಂದು ಕಾಲದಲ್ಲಿ ತೆರೆಯುವ ಅನುಭವವು ಊರುಬಿಟ್ಟು ಬಂದ ಕನ್ನಡಿಗನಿಗೆ ಹೊಸದಲ್ಲ. ಮಲೆನಾಡಿನ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಮುಂಬಯಿಯ ರೈಲಿಗೆ ಹತ್ತಿಸಿದ ಕೈಗಳನ್ನು ಬಲ್ಲವರು, ಆ ಬಟ್ಟೆ ಬಿಚ್ಚಿದಾಗ ಬರುವುದು ಮಾವಿನ ಸೊನೆಯ ಕಂಪೊಂದೇ ಅಲ್ಲವೆಂಬುದನ್ನೂ ಬಲ್ಲರು. ಹೋಲಿಕೆಗೆ ಮಿತಿಯುಂಟು. ಉಪ್ಪಿನಕಾಯಿಯ ನೆನಪು ಮನೆತನದ್ದು. ಅದು ಕೇಳದೆಯೇ ಬಂದ ಬಂಧ. ಹೊರೇಸನ ಕೊಡದ ನೆನಪು ಗೆಳೆತನದ್ದು. ಅದು ಆರಿಸಿಕೊಂಡ ಬಂಧ. ಊರಿನಿಂದ ದೂರವಿರುವವರು ಈ ಎರಡನೆಯ ಬಂಧವನ್ನೇ ಕಟ್ಟಿಕೊಂಡು ಬಾಳಬೇಕಾಗುತ್ತದೆ.

ಅಗಲಿಕೆ ಮತ್ತು ಮಧುಪಾತ್ರೆಗಳ ಈ ಸಂಬಂಧಕ್ಕೆ, ಆರಂಭದಲ್ಲಿ ಹೆಸರಿಸಿದ ಉಮರನ ಕಾವ್ಯದ ಚರಿತ್ರೆಯಲ್ಲಿಯೂ ಒಂದು ನಿದರ್ಶನವಿದೆ. ಗುಂಡಪ್ಪನವರಿಗೆ ಆಧಾರವಾದ ಇಂಗ್ಲಿಷ್ ರೂಪವನ್ನು ರಚಿಸಿದ ಫಿಟ್ಸ್‌ಜೆರಾಲ್ಡನಿಗೆ ಪಾರಸಿಯನ್ನು ಕಲಿಸಿದವನು ಆತನ ಕಿರಿಯ ಸ್ನೇಹಿತ ಕೋವೆಲ್. ೧೮೫೬ರಲ್ಲಿ ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿ ಉಮರನ ಹಸ್ತಪ್ರತಿಯನ್ನು ಕಂಡು, ಅದರ ನಕಲನ್ನು ಗೆಳೆಯನಿಗೆ ಕೊಟ್ಟು, ಅದೇ ವರುಷ ಕೋವೆಲನು ಅಧ್ಯಾಪಕನಾಗಿ ಕಲ್ಕತ್ತೆಗೆ ಹೊರಟುಹೋದನು. ಅಲ್ಲಿಂದಲೂ ಏಷಿಯಾಟಿಕ್ ಸೊಸೈಟಿಯ ಪ್ರತಿಯೊಂದರ ನಕಲನ್ನು ಕಳುಹಿಸಿದನು. ೧೮೫೯ರಲ್ಲಿ ಹೆಸರಿಲ್ಲದೆ ಅಚ್ಚಾದ ಆ ಪುಸ್ತಕವು ಅಗಲಿದ ಗೆಳೆಯನೊಡನೆ ನಡೆಸಿದ ಸಂವಾದದ ಫಲ. ಅದರ ಕೊನೆಯ ಪದ್ಯದಲ್ಲಿ ಕವಿಯು, ಗೋಷ್ಠಿಯಲ್ಲಿ ತಾನು ಕುಳಿತಿರುತ್ತಿದ್ದ ಎಡೆಗೆ ಬಂದಾಗ ಬರಿದಾದ ಬಟ್ಟಲೊಂದನ್ನು ಬೋರಲಿಡುವಂತೆ ಕೇಳಿಕೊಳ್ಳುತ್ತಾನೆ. ಹೊರೇಸನಲ್ಲಿ ತುಂಬಿದ ಕೊಡ ಗೆಳೆಯನಿಗಾಗಿ ಕಾಯುತ್ತದೆ; ಇಲ್ಲಿ ಬರಿಯ ಬಟ್ಟಲು ಗೆಳೆಯನ ಎಡೆಯನ್ನು ಕಾಯುತ್ತದೆ. ಕುಡಿದು ನೆನೆಯುವುದು ಒಂದು. ಕುಡಿಯದೆ ಬಿಟ್ಟು ನೆನೆಯುವುದು ಇನ್ನೊಂದು. ಎರಡರಲ್ಲಿಯೂ ಪಾತ್ರೆಯ ಬೆಲೆಯನ್ನು ನಿರ್ಣಯಿಸುವುದು ಒಬ್ಬ ಮನುಷ್ಯನ ಹೆಸರು.

ಆದ್ದರಿಂದ ಮಧುಗೀತಗಳನ್ನೆಲ್ಲ ಭೋಗಕಾವ್ಯವೆಂಬ ಒಂದೇ ರಾಶಿಗೆ ಹಾಕುವುದು ವಿಮರ್ಶೆಗೆ ತಕ್ಕ ಮಾತಲ್ಲ; ಅವುಗಳಲ್ಲಿನ ಮದ್ಯವನ್ನು ಸಂಕೇತವೆಂದು ಆವಿಮಾಡುವುದೂ ತಕ್ಕದ್ದಲ್ಲ. ಕೊಡವನ್ನು ಯಾರು ತುಂಬಿದರು, ಯಾರಿಗಾಗಿ ಇಟ್ಟರು, ತೆರೆದ ದಿನ ಯಾರಿದ್ದರು, ಯಾರಿರಲಿಲ್ಲ ಎಂದು ಕೇಳಬೇಕು. ಹೊರೇಸನ ಗೀತಗಳು ಈ ಪ್ರಶ್ನೆಗಳಿಗೆ ಉತ್ತರ ಹೇಳುತ್ತವೆ. ಸ್ನೇಹವನ್ನು ಕುರಿತು ಶಾಸ್ತ್ರಗ್ರಂಥಗಳು ಅನೇಕ ಇರಬಹುದು; ಗೆಳೆಯನು ಬರುವನೆಂಬ ಭರವಸೆಯಿಂದ ಅಟ್ಟದ ಮೇಲೆ ವರುಷಗಟ್ಟಲೆ ಹೊಗೆ ಕುಡಿಯುತ್ತ ಕಾದಿದ್ದ ಮಣ್ಣಿನ ಕೊಡವೊಂದು ಆ ವಿಷಯದಲ್ಲಿ ಅವುಗಳಷ್ಟೇ ಪ್ರಮಾಣವಾದುದು.